ಸಿಗ್ನೆ ಅರ್ಧಕ್ಕೆ ಬಿಟ್ಟ ಸ್ವೆಟರ್

ಆರ್ಡಿಸ್ ಲಿಂಡ್‌ಕ್ವಿಸ್ಟ್ ಆವತ್ತು ಅರ್ಧ ಗಂಟೆ ಮುಂಚೆಯೇ ಬಂದು ಕೂತಿದ್ದಳು. ಚರ್ಚಿನ ನೆಲಮಾಳಿಗೆಯಲ್ಲಿ ಹೀಟರ್ ಇನ್ನೂ ಬಿಸಿಯೇರಿರಲಿಲ್ಲ. ಮಡಚುವ ಕುರ್ಚಿಗಳು ಗೋಡೆಗೆ ಒರಗಿಕೊಂಡೇ ಇದ್ದವು. ಹೆಣಿಗೆ ಸಂಘದ, ಅಂದರೆ ಗಿಲ್ಡಿನ, ಸಭೆ ಪ್ರತಿ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ: ಮೊದಲು ಪ್ರಕಟಣೆ, ಆಮೇಲೆ ಹೊರಗಿನಿಂದ ಕರೆಸಿದ ಅತಿಥಿಯ ಭಾಷಣ, ಆಮೇಲೆ ಕಾಫಿ, ಲೆಮನ್ ಬಾರು ಅನ್ನುವ ನಿಂಬೆಯ ಸಿಹಿತಿಂಡಿ, ಊರವರ ಬಗ್ಗೆ ಮಾತು. ಇಪ್ಪತ್ತಾರು ವರ್ಷದಲ್ಲಿ ಆರ್ಡಿಸ್ ತಪ್ಪಿಸಿದ್ದು ಎರಡೇ ಸಭೆ. ಮಗಳು ಸಿಗ್ನೆಯನ್ನು ಡುಲೂತ್ ಪಟ್ಟಣದ ಆಸ್ಪತ್ರೆಗೆ ಸೇರಿಸಿದ ತಿಂಗಳು ಒಂದು, ಅವಳನ್ನು ಮಣ್ಣು ಮಾಡಿದ ತಿಂಗಳು ಇನ್ನೊಂದು.

ಇವತ್ತು ಸಿಗ್ನೆಯ ಸ್ವೆಟರು ವಾಪಸ್ ಬರುವ ದಿನ.

ಗಿಲ್ಡಿನಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಹೆಣಿಗೆಯನ್ನು ಅರ್ಧಕ್ಕೆ ಬಿಟ್ಟು ಸತ್ತರೆ ಮನೆಯವರು ಅದನ್ನು ಮುಟ್ಟುವ ಹಾಗಿಲ್ಲ. ಸೂಜಿ ಸಮೇತ ತಂದು ಗಿಲ್ಡಿಗೆ ಒಪ್ಪಿಸಬೇಕು. ಯಾರೋ ಒಬ್ಬರು ಅದನ್ನು ಮುಗಿಸಿ, ಸಭೆಯಲ್ಲಿ ಎಲ್ಲರೆದುರು ಮನೆಯವರ ಕೈಗೆ ಕೊಡುತ್ತಾರೆ. ಸಿಗ್ನೆಯದನ್ನು ಲವೋನ್ ತಾನೇ ಮುಂದೆ ಬಂದು ತಗೊಂಡಿದ್ದಳು. ಲವೋನಿಗೆ ಮೊದಲ ಸಲ ಸೂಜಿ ಹಿಡಿಸಿದವಳೇ ಆರ್ಡಿಸ್. ಈಗ ಊರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳ ಕೈಗೆ ಸಿಕ್ಕಿತಲ್ಲ ಅಂತ ಆರ್ಡಿಸ್‌ಗೂ ನೆಮ್ಮದಿಯಾಗಿತ್ತು.

ಹೆಣಿಗೆ ವಿಷಯದಲ್ಲಿ ಆರ್ಡಿಸ್ ಸಾಮಾನ್ಯದ ಹೆಂಗಸಲ್ಲ. ಮುಲಾಜು ಅನ್ನೋದೇ ಇಲ್ಲ. ಹತ್ತು ಇಂಚು ಹೆಣೆದು ಸಂಭ್ರಮದಿಂದ ತೋರಿಸಲು ಬಂದವರಿಗೆ, ಎರಡನೇ ಇಂಚಿನಲ್ಲಿ ತಿರುಚಿಕೊಂಡ ಒಂದು ಕುಣಿಕೆ ತೋರಿಸಿ, "ಬಿಚ್ಚು" ಅನ್ನುವಳು. ಅತ್ತರೂ ಬಿಚ್ಚು, ಬೈದರೂ ಬಿಚ್ಚು. "ತಪ್ಪು ಕಣ್ಣಿಗೆ ಬಿದ್ದ ಮೇಲೂ ಮುಂದಕ್ಕೆ ಹೋಗೋದು ಸೋಮಾರಿಗಳ ಕೆಲಸ ಕಣ್ರೇ" ಅನ್ನುವಳು. ಸ್ವಂತ ಮಗಳನ್ನೂ ಬಿಟ್ಟವಳಲ್ಲ. ಸಿಗ್ನೆ ಒಂಬತ್ತು ವರ್ಷದವಳಿದ್ದಾಗ ಗೊಂಬೆಗೆ ಅಂತ ಒಂದು ಮಫ್ಲರ್ ಹೆಣೆದು ತಂದಳು. ಆರ್ಡಿಸ್ ಅದನ್ನು ನೋಡಿ, ನಕ್ಕು, ಅವಳ ಎದುರಿಗೇ ಸರಸರ ಎಳೆದು ಉಂಡೆ ಸುತ್ತಿ ಕೊಟ್ಟಳು. ಹುಡುಗಿ ಇಪ್ಪತ್ತೈದು ವರ್ಷ ಸೂಜಿ ಮುಟ್ಟಲಿಲ್ಲ.

ಕೊನೆಯ ಚಳಿಗಾಲದಲ್ಲಿ ಮಾತ್ರ, ಆಸ್ಪತ್ರೆಯ ಮಂಚದ ಮೇಲೆ ಕೂತು, "ಅಮ್ಮಾ, ಒಂದು ಜೊತೆ ಸೂಜಿ ತಂದ್ಕೊಡು. ನಿಂಗೊಂದು ಸ್ವೆಟರ್ ಹೆಣ್ದುಕೊಡ್ತೀನಿ" ಅಂದಳು.

"ನಂಗಾ? ನಿಂಗೆ ಬರುತ್ತೇನೇ?"

"ಬರಲ್ಲ. ಬಿಚ್ಚು ಅಂದ್ರೆ ನೋಡು ಮತ್ತೆ, ಅದೇ ಸೂಜಿಲಿ ಚುಚ್ತೀನಿ."

ಆರ್ಡಿಸ್ ಸರೋವರದ ಬಣ್ಣದ ನೀಲಿ ಉಲ್ಲನ್ ತಂದುಕೊಟ್ಟಳು. ಸಿಗ್ನೆ ಎಂಥ ಹೆಣಿಗೆ ಹೆಣೆದಳು ಅಂತೀರಿ! ಒಂದು ಸಾಲು ಉಸಿರು ಕಟ್ಟುವಷ್ಟು ಬಿಗಿ, ಮುಂದಿನ ಸಾಲು ಬೆರಳು ತೂರುವಷ್ಟು ಸಡಿಲ. ಮದ್ದು ಕೊಟ್ಟ ದಿನ ಕೈ ನಡುಗಿ ಕುಣಿಕೆ ಜಾರುತ್ತಿತ್ತು, ಜಾರಿದ್ದನ್ನು ಹಿಡಿಯಲು ಹೋಗಿ ಇನ್ನೊಂದು ತಿರುಚುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಕೂತ ಆರ್ಡಿಸ್‌ಗೆ ಎಲ್ಲವೂ ಕಾಣುತ್ತಿತ್ತು, ಬೆರಳು ತುರಿಸುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಹಿಂಭಾಗ ಮುಗಿದು, ಮುಂಭಾಗ ಎದೆಯವರೆಗೆ ಬಂದಾಗ ಸಿಗ್ನೆ ಹೋದಳು. ಮೂವತ್ತನಾಲ್ಕು ವರ್ಷ.

ಆರು ತಿಂಗಳಿಂದ ಆರ್ಡಿಸ್ ಮನಸ್ಸಿನಲ್ಲಿ ಇದ್ದದ್ದು ಒಂದೇ. ಸ್ವೆಟರು ಕೈಗೆ ಬಂದೊಡನೆ ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಕೆಳಗಿನ ಅಂಚಿನಿಂದ ಸವರಿಕೊಂಡು ಮೇಲಕ್ಕೆ ಹೋಗಬೇಕು. ಮಗಳ ಕೈ ನಿಂತು ಲವೋನಳ ಕೈ ಶುರುವಾದ ಸಾಲು ಬೆರಳಿಗೇ ತಿಳಿಯುತ್ತದೆ. ಆ ಸಾಲಿನ ಕೆಳಗಿನದಷ್ಟೂ ಸಿಗ್ನೆ. ಚಳಿಗಾಲ ಪೂರ್ತಿ ಅದನ್ನು ಮೈಮೇಲೆ ಹಾಕಿಕೊಂಡೇ ಇರಬೇಕು, ಹರಿದು ಚಿಂದಿಯಾಗುವ ತನಕ. ಮಗಳ ಬಟ್ಟೆಬರೆಯನ್ನೆಲ್ಲ ಅಳಿಯ ಯಾರಿಗೋ ಕೊಟ್ಟು ಖಾಲಿ ಮಾಡಿದ್ದ. ಅವಳ ಕೈ ಮುಟ್ಟಿದ್ದು ಅಂತ ಆರ್ಡಿಸ್‌ಗೆ ಉಳಿದಿದ್ದು ಇದೊಂದೇ.

ಹತ್ತಕ್ಕೆ ನಲವತ್ತು ಜನ ಸೇರಿದರು. ಅಧ್ಯಕ್ಷೆ ಮಾರ್ಲಿಸ್ ಎದ್ದು ನಿಂತು ದಾನಕ್ಕೆ ಹೆಣೆಯುವ ಟೋಪಿಗಳ ಬಗ್ಗೆ, ಕಾಫಿ ಲೋಟ ತೊಳೆಯದೆ ಹೋಗುವವರ ಬಗ್ಗೆ ಹೇಳಿ ಮುಗಿಸಿ, ಅತಿಥಿಯನ್ನು ಕರೆದಳು. ಮಿನಿಯಾಪೊಲಿಸ್‌ನಿಂದ ಬಂದಿದ್ದ ಪೆಟ್ರಾ ಹಾಲ್ವರ್ಸನ್; ಹೆಣಿಗೆಯನ್ನು ಅಂದವಾಗಿ ಮುಗಿಸೋದು ಹೇಗೆ ಅನ್ನೋದು ಅವಳ ವಿಷಯ. ಜೋಡಿಸಿದ ಗೆರೆ ಕಾಣಬಾರದು, ದಾರದ ತುದಿ ಕಾಣಬಾರದು, ಉಲ್ಲನ್ ಉಂಡೆ ಬದಲಾದದ್ದು ಗೊತ್ತಾಗಬಾರದು ಅಂತ ಮುಕ್ಕಾಲು ಗಂಟೆ ಮಾತಾಡಿದಳು. ಆರ್ಡಿಸ್ ಕಿವಿಗೆ ಒಂದು ಮಾತೂ ಬೀಳಲಿಲ್ಲ. ಮಾರ್ಲಿಸ್ ಕುರ್ಚಿಯ ಕೆಳಗೆ ರಿಬ್ಬನ್ ಕಟ್ಟಿದ ಪೆಟ್ಟಿಗೆಯೊಂದಿತ್ತು, ಕಣ್ಣು ಅಲ್ಲೇ.

ಕೊನೆಗೂ ಪೆಟ್ಟಿಗೆ ಅವಳ ಮಡಿಲಿಗೆ ಬಂತು. ಲವೋನ್ ಪಕ್ಕದಲ್ಲೇ ಬಂದು ಕೂತಳು, ಮುಖ ಕೆಂಪೇರಿತ್ತು. ಆರ್ಡಿಸ್ ರಿಬ್ಬನ್ ಬಿಚ್ಚಿ, ಸ್ವೆಟರ್ ಹರವಿ, ಕಣ್ಣು ಮುಚ್ಚಿ, ಹೆಬ್ಬೆರಳಿಟ್ಟಳು.

ಅಂಚಿನಿಂದ ಎದೆಯವರೆಗೆ ಹೋದಳು, ಏನೂ ಸಿಗಲಿಲ್ಲ. ಕುತ್ತಿಗೆಯವರೆಗೆ ಹೋದಳು. ಹಿಂಭಾಗ ತಿರುಗಿಸಿದಳು. ಒಳಮೈ ಹೊರಗೆ ಮಾಡಿದಳು. ಸಾಲಿಗೆ ಸಾಲು ಒಂದೇ ಅಳತೆ, ಕುಣಿಕೆಗೆ ಕುಣಿಕೆ ಒಂದೇ ಬಿಗಿ. ಅಂಗಡಿಯಲ್ಲಿ ಸಿಗುವ, ಯಂತ್ರ ಹೆಣೆದದ್ದೂ ಇಷ್ಟು ಚೆನ್ನಾಗಿರುವುದಿಲ್ಲ.

"ಒಂದ್ನಿಮಿಷ ಕೊಡ್ತೀರಾ?" ಅಂತ ಪೆಟ್ರಾ ಸ್ವೆಟರನ್ನು ತೆಗೆದುಕೊಂಡು ದೀಪಕ್ಕೆ ಹಿಡಿದಳು. "ನೋಡಿ ಎಲ್ರೂ! ಎರಡು ಕೈ ಸೇರಿ ಮಾಡಿರೋ ಕೆಲಸ ಇದು. ಒಂದು ಕೈ ಎಲ್ಲಿ ನಿಂತಿದೆ, ಇನ್ನೊಂದು ಎಲ್ಲಿ ಶುರುವಾಗಿದೆ, ನಂಗೇ ಹುಡುಕಕ್ಕೆ ಆಗ್ತಿಲ್ಲ. ಇಷ್ಟು ಹೊತ್ತು ನಾನು ಹೇಳಿದ್ದು ಇದನ್ನೇ!"

ನಲವತ್ತು ಜನ ಚಪ್ಪಾಳೆ ತಟ್ಟಿದರು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

ಆರ್ಡಿಸ್ ಲವೋನಳ ತೋಳು ಹಿಡಿದು ಪಕ್ಕದ ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಎಷ್ಟು ಬಿಚ್ಚಿದೆ?"

"ಏನು?"

"ಸಿಗ್ನೆ ಹೆಣೆದಿದ್ದು. ಎಷ್ಟು ಬಿಚ್ಚಿದೆ ಅಂತ ಕೇಳ್ತಿದೀನಿ."

"ಪೂರ್ತಿ ಬಿಚ್ಚಿದೆ ಮಾರಾಯ್ತಿ, ಇನ್ನೇನು ಮಾಡ್ಲಿ? ನೀನೇ ನೋಡಿದ್ದೆಯಲ್ಲ ಅದರ ಅವಸ್ಥೆನ." ಲವೋನ್ ಉತ್ಸಾಹದಿಂದ ಹೇಳತೊಡಗಿದಳು. "ಉಲ್ಲನ್ನೆಲ್ಲ ತೊಳ್ದು, ಸುಕ್ಕು ಹೋಗ್ಲಿ ಅಂತ ಭಾರಕ್ಕೆ ಬೀನ್ಸ್ ಡಬ್ಬಿ ಕಟ್ಟಿ ನೇತುಹಾಕಿದ್ದೆ, ನಾಲ್ಕು ದಿನ. ಹೊಸದರ ಥರ ನೆಟ್ಟಗಾಯ್ತು. ಒಂದೆಳೆ ವೇಸ್ಟ್ ಮಾಡಿಲ್ಲ. ಮೂರು ತಿಂಗಳು ಹಿಡೀತು ಕಣೇ."

"ಅವಳ ಕೈ ಕಣೇ ಅದು! ನನ್ನ ಮಗಳ ಕೈ! ಯಾರು ಹೇಳಿದ್ರು ನಿಂಗೆ ಬಿಚ್ಚು ಅಂತ? ಹಾಳಾದವಳೇ, ಯಾರು ಹೇಳಿದ್ರು?"

ಲವೋನ್ ತೋಳು ಬಿಡಿಸಿಕೊಂಡಳು.

"ನೀನು," ಅಂದಳು. "ನೀನೇ ಹೇಳಿಕೊಟ್ಟಿದ್ದು. ಥೆಲ್ಮಾ ಸ್ವೆಟರ್ ಮರ್ತುಬಿಟ್ಟೆಯಾ? ಡೆಲ್ಮರ್ ತಂದ್ಕೊಟ್ಟಿದ್ದನಲ್ಲ, ಹೆಂಡತಿ ಅರ್ಧಕ್ಕೆ ಬಿಟ್ಟಿದ್ದು. ನಿನ್ನ ಪಕ್ಕದಲ್ಲೇ ಕೂತಿದ್ದೆ ನಾನು. ನೀನು ಎಲ್ಲಾ ಎಳೆದು ಹಾಕ್ದೆ. ಸತ್ತವರ ತಪ್ಪನ್ನ ಊರಿಗೆಲ್ಲ ತೋರಿಸಿ ಮಾನ ಕಳೀಬಾರದು ಅಂದೆ. ಅದಕ್ಕೇ ನಾನೂ..." ಸೋಪಿನ ನೀರಿದ್ದ ಸಿಂಕಿನ ಮೇಲೆ ಬಗ್ಗಿ ಬಿಕ್ಕಿದಳು.

ಆರ್ಡಿಸ್ ಮರೆತಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಮಾತು. ಡೆಲ್ಮರ್ ಆ ಸ್ವೆಟರನ್ನು ಹೀಗೇ ಮಡಿಲಲ್ಲಿಟ್ಟುಕೊಂಡು, ಒಳಮೈ ಹೊರಗೆ ಮಾಡಿ, ಹೊರಮೈ ಒಳಗೆ ಮಾಡಿ ಬಹಳ ಹೊತ್ತು ನೋಡಿದ್ದ. "ನೀಟಾಗಿದೆ" ಅಂದಿದ್ದ. ಕಾಫಿಯನ್ನೂ ಕುಡಿಯದೆ ಹೋಗಿದ್ದ. ಆಮೇಲೆ ಚರ್ಚಿಗೆ ಬರುವುದನ್ನೇ ಬಿಟ್ಟ. ದಾರಿಯಲ್ಲಿ ಸಿಕ್ಕರೆ ಆಚೆ ಬದಿಗೆ ದಾಟುತ್ತಿದ್ದ. ಆರ್ಡಿಸ್ ಅದನ್ನು ನಾಲ್ಕು ವರ್ಷ ಊರೆಲ್ಲ ಆಡಿಕೊಂಡು ನಕ್ಕಿದ್ದಳು: ಗಂಡಸರಿಗೆ ಕೆಲಸದ ಬೆಲೆ ಗೊತ್ತಿಲ್ಲ ನೋಡಿ, ಎರಡು ತಿಂಗಳು ಕಣ್ಣು ಹಾಳು ಮಾಡಿಕೊಂಡಿದ್ದಕ್ಕೆ ಒಂದು ಥ್ಯಾಂಕ್ಸಿಗೂ ಗತಿ ಇಲ್ಲ.

ಹೊರಗೆ ಮಾರ್ಲಿಸ್ ಅವಳನ್ನು ಕೂಗುತ್ತಿದ್ದಳು, ಎರಡು ಮಾತಾಡಲಿ ಅಂತ. ಆರ್ಡಿಸ್ ಯಾರ ಮುಖವನ್ನೂ ನೋಡದೆ ಬಂದು, ಪೆಟ್ರಾ ಕೈಯಿಂದ ಸ್ವೆಟರ್ ಇಸಿದುಕೊಂಡು, ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದಳು. ಪಾಪ, ದುಃಖ ತಡೆಯಲಾಗಲಿಲ್ಲ ಅಂತ ಹೆಂಗಸರು ತಂತಮ್ಮೊಳಗೆ ಮಾತಾಡಿಕೊಂಡರು. ಕಾಫಿ ಬಂತು.

ಡೆಲ್ಮರನ ಮನೆ ಧಾನ್ಯದ ಗೋದಾಮಿನ ಹಿಂದಿನ ಬೀದಿಯಲ್ಲಿ. ಬೆಲ್ ಒತ್ತಿದರೆ ತುಂಬಾ ಹೊತ್ತಿನ ಮೇಲೆ ಬಾಗಿಲು ತೆಗೆದ. ಮುದುಕ ಇನ್ನೂ ಒಣಗಿದ್ದ. ಅವಳನ್ನು ನೋಡಿ ಬಾಗಿಲನ್ನು ಸಂದಿಯಷ್ಟೇ ತೆರೆದು ಹಿಡಿದ.

"ಡೆಲ್ಮರ್, ನಾನು ಥೆಲ್ಮಾದು..." ಅಂದಳು ಆರ್ಡಿಸ್. ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದ ಮಾತನ್ನು ಅಷ್ಟಕ್ಕೇ ಬಿಟ್ಟಳು. ಕೈಯಲ್ಲಿದ್ದ ನೀಲಿ ಸ್ವೆಟರನ್ನು ಮುಂದೆ ಹಿಡಿದಳು. "ಇದು ಸಿಗ್ನೆಯದು. ಇವತ್ತು ಕೊಟ್ರು."

ಡೆಲ್ಮರ್ ಬಾಗಿಲ ಸಂದಿಯಿಂದಲೇ ಕೈ ಚಾಚಿ ಅದರ ಅಂಚನ್ನು ಎರಡು ಬೆರಳಲ್ಲಿ ಉಜ್ಜಿದ. ತಿರುಗಿಸಿ ಒಳಮೈ ನೋಡಿದ.

"ಪೂರ್ತಿ ಬಿಚ್ಚಿದ್ರಾ?"

"ಪೂರ್ತಿ."

ಅವನು ತಲೆಯಾಡಿಸಿದ. ಸಿಟ್ಟು ಕಾಣಲಿಲ್ಲ, ಕನಿಕರವೂ ಕಾಣಲಿಲ್ಲ. ಅವಳು ಬಯ್ಯಲಿ ಅಂತ ಕಾದಳು. ಬೈದಿದ್ದರೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅಳಬಹುದಿತ್ತು, ಇಬ್ಬರೂ ಅಳಬಹುದಿತ್ತು.

"ನಂಗೆ ಆಗ ಹೇಳ್ಬೇಕಾಗಿತ್ತು ನೀನು," ಅಂದಳು ಆರ್ಡಿಸ್. "ಬೈಬೇಕಾಗಿತ್ತು. ಯಾಕೆ ಹೇಳ್ಲಿಲ್ಲ?"

"ಎಲ್ರೂ ಚಪ್ಪಾಳೆ ತಟ್ಟಿದ್ರಲ್ಲ," ಅಂದ ಡೆಲ್ಮರ್. ಸ್ವೆಟರಿನ ಅಂಚನ್ನು ಬಿಟ್ಟು, ಬಾಗಿಲು ಹಾಕಿಕೊಂಡ.