ಹಗ್ಗ ಹಿಡಿದವನು

ಕಾಲಿಮ್ನೋಸ್ ದ್ವೀಪದ ಸಕೆಲ್ಲಾರಿಸ್ ಇಪ್ಪತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ. ಸ್ಪಂಜು ಕೀಳಲು ಸಮುದ್ರದ ತಳಕ್ಕೆ ಇಳಿದವನ ಸೊಂಟದ ಹಗ್ಗವನ್ನು ದೋಣಿಯ ಅಂಚಿನಲ್ಲಿ ನಿಂತು ಹಿಡಿಯುವುದು. ತಾನು ಒಂದು ದಿನವೂ ಮುಳುಗಿದವನಲ್ಲ, ಈಜೂ ಅಷ್ಟಕ್ಕಷ್ಟೆ. ಆದರೆ ಹಗ್ಗ ಬೆರಳಿಗೆ ತಾಗಿದರೆ ಸಾಕು, ಇಪ್ಪತ್ತು ಮಾರು ಆಳದಲ್ಲಿರುವವನು ನಡೆಯುತ್ತಿದ್ದಾನೋ, ಬಗ್ಗಿದ್ದಾನೋ, ಹೆದರಿದ್ದಾನೋ ಹೇಳಿಬಿಡುತ್ತಿದ್ದ.

ಈಗ ಅವನಿಗೆ ಎಪ್ಪತ್ತೊಂಬತ್ತು. ಆಂಟಿಕಿಥೆರಾದ ಹಡಗಿನ ಪ್ರದರ್ಶನ ಊರೂರು ಸುತ್ತುತ್ತ ಬಂದರಿನ ಹಳೆಯ ಗೋದಾಮಿಗೆ ಬಂದಾಗ ತಂಗಿ ಕಲೊಟಿನಾ ಅವನನ್ನು ಹೊರಡಿಸಿದಳು. ಎರಡು ಸಾವಿರ ವರ್ಷದ ಹಿಂದೆ ಮುಳುಗಿದ ಆ ಹಡಗನ್ನು ಮೊದಲು ಕಂಡವರು ಸಿಮಿ ದ್ವೀಪದ ಸ್ಪಂಜುಗಾರರು.

"ಸಿಮಿಯವರ ಜಂಬ ನೋಡೋಕೆ ನಾನ್ಯಾಕೆ ಬರ್ಲಿ?"

"ಅವರಿಗೆ ಜಂಬ ಸಾಲ್ದೇ ಬಂದ್ರೆ ನಿಂದೇ ಒಂಚೂರು ಕೊಡುವಿಯಂತೆ. ನಡಿ ಅಣ್ಣ."

ಉಪ್ಪುನೀರು ತಿಂದುಹಾಕಿದ ಅಮೃತಶಿಲೆಯ ವಿಗ್ರಹಗಳನ್ನು ಅವನು ಸುಮ್ಮನೆ ದಾಟಿದ. ಮೂರನೆಯ ಕೋಣೆಯಲ್ಲಿ ಕಾಲು ನಿಂತುಬಿಟ್ಟಿತು. ಅಲ್ಲೊಂದು ಗೊಂಬೆಗೆ ಮುಳುಗುವ ಉಡುಪು ತೊಡಿಸಿ, ತಲೆಗೆ ಹಿತ್ತಾಳೆಯ ಶಿರಸ್ತ್ರಾಣ ಹಾಕಿದ್ದರು. ಸೊಂಟದ ಹಗ್ಗದ ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದಿದ್ದರು.

"ಇದನ್ನ ಹಿಡ್ಕೊಂಡಿರೋರು ಯಾರು?" ಎಂದು ಹಗ್ಗಕ್ಕೆ ಕೈ ಹಾಕಿದ.

ಪ್ರದರ್ಶನ ನೋಡಿಕೊಳ್ಳುತ್ತಿದ್ದ ಹುಡುಗಿ ದನಾಯಿ ಓಡಿಬಂದಳು. "ಮುಟ್ಟಬೇಡಿ ತಾತ. ಅದು ಬರೀ ಗೊಂಬೆ."

"ಗೊಂಬೆ ಅಂತ ನಂಗೂ ಕಾಣ್ಸುತ್ತೆ. ಕೆಳಗಿರೋನಿಗೆ ಉಸಿರು ಕಟ್ಟಿದ್ರೆ ನಿನ್ನ ಕಂಬ ಎಳೆಯುತ್ತಾ?"

"ಹಗ್ಗ ಹಿಡಿಯೋರ ಬಗ್ಗೆ ನಮಗೆ ದಾಖಲೆ ಏನೂ ಸಿಗಲಿಲ್ಲ."

"ದಾಖಲೆ ನಿನ್ನ ಮುಂದೇನೇ ನಿಂತಿದೆಯಲ್ಲ ಮಗಳೇ. ಕಟ್ಟು ಬಿಚ್ಚು. ತುದಿ ಸೊಂಟಕ್ಕೆ ಸುತ್ಕೊಂಡು ಆ ಗೋಡೆ ಆಚೆ ಹೋಗು. ಏನು ಬೇಕಾದ್ರೂ ಮಾಡು."

ಶಾಲೆಯ ಮಕ್ಕಳ ಗುಂಪೊಂದು ಆಗಲೇ ಸುತ್ತ ನೆರೆದಿತ್ತು. ದನಾಯಿ ಒಂದು ಕ್ಷಣ ಯೋಚಿಸಿ, ನಕ್ಕು, ಹಗ್ಗ ಬಿಚ್ಚಿಕೊಂಡು ಹೋದಳು. ಸಕೆಲ್ಲಾರಿಸ್ ಸಡಿಲವನ್ನು ಎಳೆದುಕೊಂಡು, ಹಗ್ಗವನ್ನು ಎರಡು ಬೆರಳ ಮೇಲೆ ಹಗುರವಾಗಿ ಇಟ್ಟುಕೊಂಡ.

"ನೀನು ಎಡಕ್ಕೆ ಹೊರಟೆ. ನಿಂತೆ. ಈಗ ಬಗ್ಗಿದೆ." ಸ್ವಲ್ಪ ತಡೆದು, "ಏಯ್, ಹಗ್ಗ ಬೇರೆಯೋರಿಗೆ ಕೊಟ್ಟಿದ್ದೀಯ! ನಿನಗಿಂತ ಕುಳ್ಳು, ಒಂದು ಕಡೆ ನಿಲ್ಲೋ ಜಾತಿಯಲ್ಲ!"

ಗೋಡೆಯ ಹಿಂದಿನಿಂದ ಎಂಟು ವರ್ಷದ ಹುಡುಗಿಯೊಬ್ಬಳು ಕಿಲಕಿಲ ನಗುತ್ತ ಹೊರಬಂದಳು. ಮಕ್ಕಳು ಹೋ ಎಂದವು. ಸೊಂಟದ ಹಗ್ಗ ಬಿಚ್ಚದೆಯೇ ಅವಳು ಕೇಳಿದಳು: "ತಾತ, ನಿಮ್ಮ ಹಗ್ಗದಲ್ಲಿ ಯಾರಾದ್ರೂ ಸತ್ರಾ?"

"ಯಾರೂ ಇಲ್ಲ. ಒಬ್ಬನ ಕಾಲು ಹೋಯ್ತು."

ಆ ಒಬ್ಬ ಕಲೊಟಿನಾಳ ಗಂಡ ಮಿಕೆಸ್. ಅವಳೆದುರಿಗೆ ಸಕೆಲ್ಲಾರಿಸ್ ಆ ಮಾತು ಎಂದೂ ಎತ್ತಿದವನಲ್ಲ. ಇವತ್ತು ಮಗು ಕೇಳಿತ್ತು, ಹೇಳಿದ. "ಕ್ಯಾಪ್ಟನ್ ಒಂದೇ ದಿನ ಮೂರನೇ ಸಲ ಇಳಿಸಿದ. ಹಗ್ಗ ಇದ್ದಕ್ಕಿದ್ದಂಗೆ ಸತ್ತು ಹೋಯ್ತು. ಆಳದಿಂದ ಬೇಗ ಮೇಲೆ ತಂದ್ರೆ ಕಾಲಿನ ಸ್ವಾಧೀನ ತಪ್ಪುತ್ತೆ. ನಿಧಾನಕ್ಕೆ ಎಳೆದ್ರೆ ಕಾಲು ಉಳೀತಿತ್ತೋ ಏನೋ, ಉಸಿರು ಉಳೀತಿರ್ಲಿಲ್ಲ. ಒಂದೇ ಸಮ ಎಳೆದೆ."

ಕಲೊಟಿನಾ ಮುಂದೆ ಬಂದಳು.

"ಆಮೇಲೆ ಮೂವತ್ತೆಂಟು ವರ್ಷ ಬದುಕಿದ ಮಗಾ. ಎರಡು ಕೋಲು ಊರ್ಕೊಂಡು ಕಾಫಿ ಅಂಗಡೀಲಿ ಕೂತು ಊರಿಗೆಲ್ಲಾ ಬೈತಿದ್ದ. ನನ್ನ ಇಬ್ಬರು ಹೆಣ್ಣುಮಕ್ಕಳೂ ಆಮೇಲೆ ಹುಟ್ಟಿದ್ದು. ಇವನು ಸರಿಯಾಗೇ ಎಳೆದ."

ಸಕೆಲ್ಲಾರಿಸ್ ತಂಗಿಯ ಮುಖ ನೋಡಲಿಲ್ಲ. ಬಗ್ಗಿ ಮಗುವಿನ ಸೊಂಟದ ಗಂಟು ಬಿಚ್ಚಿದ.

ದನಾಯಿ ಮತ್ತೆ ಹಗ್ಗವನ್ನು ಕಂಬಕ್ಕೆ ಕಟ್ಟಲಿಲ್ಲ. ಅಲ್ಲೊಂದು ಕುರ್ಚಿ ಹಾಕಿಸಿದಳು. ಉಳಿದ ಹನ್ನೊಂದು ದಿನವೂ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹತ್ತು ಗಂಟೆಗೆ ಸರಿಯಾಗಿ ಬಂದು ಕೂತ. ಹಗ್ಗದವರ ಕೆಲಸ ಏನೆಂದು ಅವನು ಹೇಳಿದ್ದನ್ನು ಅವಳು ಬರೆದು ಗೋಡೆಗೆ ಅಂಟಿಸಿದಳು; ಅವನು ಎರಡು ಕಡೆ ತಿದ್ದಿಸಿದ.

ಕೊನೆಯ ಸಂಜೆ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದರು.

"ಮುಂದೆ ರೋಡ್ಸ್ ದ್ವೀಪಕ್ಕೆ ಹೋಗ್ತೀವಿ ತಾತ," ಎಂದಳು ದನಾಯಿ. "ಅಲ್ಲಿ ಈ ಹಗ್ಗ ಯಾರ ಕೈಗೆ ಕೊಡ್ಲಿ?"

"ಯಾರ ಕೈಗೂ ಬೇಡ. ಶನಿವಾರದ ಹಡಗಿಗೆ ನಾನೇ ಬರ್ತೀನಿ."

"ಟಿಕೆಟ್ ಎರಡು ತಗೋ," ಎಂದಳು ಕಲೊಟಿನಾ.