ಹಿತ್ತಾಳೆ ಬಿಲ್ಲೆ

ಸಂಜೆ ಐದು ಇಪ್ಪತ್ತಕ್ಕೆ ಹೊರಡಬೇಕಾದ ಪ್ಯಾಸೆಂಜರ್ ಗಾಡಿ ಐದು ಇಪ್ಪತ್ತೈದಾದರೂ ಹೊರಟಿರಲಿಲ್ಲ. ಡ್ರೈವರ್ ಕೆಳಗೆ ಬನ್ ತೆಗೆಯಲು ಹೋಗಿದ್ದರು.

"ಪ್ರಯಾಣಿಕರ ಗಮನಕ್ಕೆ," ಎಂದು ಮೇಷ್ಟ್ರು ಮೂಗು ಹಿಡಿದುಕೊಂಡು ಘೋಷಿಸಿದರು. "ಓವನ್ನಿನಲ್ಲಿ ಬನ್ ಇರುವ ಕಾರಣ ಗಾಡಿ ತಡವಾಗಿ ಹೊರಡಲಿದೆ. ತಮಗಾದ ಅನಾನುಕೂಲಕ್ಕೆ ಬೇಕರಿಯು ವಿಷಾದಿಸುತ್ತದೆ."

"ಬಂದೆ, ಬಂದೆ! ಬಾಯಿಗೆ ಬನ್ನೂ ಬೇಕು, ಟೈಮಿಗೆ ಗಾಡೀನೂ ಬೇಕು ಅಂದ್ರೆ ಹೇಗೆ?" ಬೇಕರಿ ಅಕ್ಕ ಮೆಟ್ಟಿಲು ಹತ್ತುತ್ತಲೇ ಕೂಗಿದರು.

ನಮ್ಮ ರೈಲ್ವೆ ಇರುವುದು ಅವರ ಬೇಕರಿಯ ಮೇಲಿನ ಕೋಣೆಯಲ್ಲಿ. ಮೊದಲು ಮೈದಾ ಮೂಟೆ ಇಡುತ್ತಿದ್ದ ಜಾಗ. ಈಗ ನಾಲ್ಕೂ ಗೋಡೆಗೆ ಮೇಜು ಹಾಕಿ, ಮೇಜಿನ ಮೇಲೆ ಬೆಟ್ಟ, ಸೇತುವೆ, ಎರಡು ಸ್ಟೇಷನ್ನು, ಅಂಗೈ ಉದ್ದದ ಗಾಡಿಗಳು. ದಿನವೂ ಐದರಿಂದ ಏಳರವರೆಗೆ ನಾವು ನಾಲ್ವರು ಅಲ್ಲಿರುತ್ತೇವೆ. ಮೇಷ್ಟ್ರು ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ವೇಳಾಪಟ್ಟಿ, ಘೋಷಣೆ ಎರಡೂ ಅವರದ್ದು. ಬೇಕರಿ ಅಕ್ಕ ಹಳೇ ಪೇಪರು, ಮೈದಾ ಅಂಟು ಸೇರಿಸಿ ಬೆಟ್ಟ ಮಾಡುತ್ತಾರೆ, ಯಾವ ಗಾಡಿ ಕೊಟ್ಟರೂ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡಿಸುತ್ತಾರೆ. ಬಡಗಿ ಬೆಂಕಿಕಡ್ಡಿ ಗಾತ್ರಕ್ಕೆ ಸ್ಲೀಪರ್ ಕೊಯ್ದು, ಅದರ ಮೇಲೆ ಹಳಿ ಹಾಸುತ್ತಾನೆ. ಅವನ ಬಾಯಲ್ಲಿ ಸದಾ ಎರಡು ಸಣ್ಣ ಮೊಳೆ ಇರುತ್ತವೆ, ಆದ್ದರಿಂದ ಮಾತು ಕಡಿಮೆ.

ನಾನು ಗಡಿಯಾರ ರಿಪೇರಿಯವನು. ಇವರು ನನಗಿಟ್ಟ ಹೆಸರು ಮುಳ್ಳು. ಗಡಿಯಾರದ ಮುಳ್ಳು ಎಂದು ನಾನು ಹೇಳಿಕೊಳ್ಳುತ್ತೇನೆ, ಅವರು ಬೇರೇನನ್ನೋ ನೆನೆದು ನಗುತ್ತಾರೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುವುದು ಸುಳ್ಳಲ್ಲ.

ಅಳತೆಯ ವಿಷಯದಲ್ಲಿ ಈ ಕೋಣೆಯಲ್ಲಿ ನನ್ನ ಮಾತೇ ಕೊನೆ. ಹದಿನೆಂಟು ವರ್ಷದ ಹಿಂದೆ ನಾನೇ ಅರದಿಂದ ಉಜ್ಜಿ ಮಾಡಿದ ಒಂದು ಹಿತ್ತಾಳೆ ಬಿಲ್ಲೆ ಇದೆ, ಹೆಬ್ಬೆರಳಷ್ಟು ದೊಡ್ಡದು. ಒಂದು ಅಂಚಿನ ಕಚ್ಚುಗಳಲ್ಲಿ ಎರಡು ಹಳಿಗಳ ನಡುವಿನ ಅಂತರ ನೋಡಬೇಕು, ಇನ್ನೊಂದು ಅಂಚನ್ನು ಚಕ್ರಗಳ ನಡುವೆ ತೂರಿಸಿ ಚಕ್ರ ನೋಡಬೇಕು. ಬಡಗಿ ಹಾಸಿದ ಪ್ರತಿ ಗೇಣು ಹಳಿಯನ್ನೂ ಆ ಬಿಲ್ಲೆ ಒಪ್ಪಬೇಕಿತ್ತು. ಅಂಗಡಿಯಿಂದ ತಂದ ಪ್ರತಿ ಎಂಜಿನ್ನಿನ ಚಕ್ರವೂ ಅದಕ್ಕೆ ಅಗಲವಾಗಿಯೇ ಇರುತ್ತಿತ್ತು. "ಈ ಕಂಪನಿಗಳವರಿಗೆ ಕಣ್ಣು ಎಲ್ಲಿರುತ್ತೋ!" ಎಂದು ಬೈಯುತ್ತ ನಾನು ಚಕ್ರಗಳನ್ನು ಒಳಕ್ಕೆ ಒತ್ತಿ ಸರಿಮಾಡುತ್ತಿದ್ದೆ. ಹಾಗೆ ಸರಿಮಾಡಿದ ಗಾಡಿಗಳು ಅರವತ್ತಕ್ಕಿಂತ ಹೆಚ್ಚು.

ಆ ಸೋಮವಾರ ಬನ್ ತಟ್ಟೆಯ ಹಿಂದೆಯೇ ಒಬ್ಬಳು ನರ್ಸ್ ಮೇಲೆ ಬಂದಳು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಎಂಜಿನ್ನು. ಟವೆಲ್ ಬಿಚ್ಚಿದಾಗ ನಾವೆಲ್ಲ ಹತ್ತಿರಕ್ಕೆ ಬಾಗಿದೆವು. ಅಂಗಡಿಯದ್ದಲ್ಲ, ಕೈಯಲ್ಲಿ ಮಾಡಿದ್ದು. ಆರು ದೊಡ್ಡ ಚಕ್ರ, ಒಂದೊಂದು ಕಡ್ಡಿಯೂ ಬೇರೆಬೇರೆಯಾಗಿ ಕೊರೆದದ್ದು.

"ನಮ್ಮಪ್ಪ ಲೇತ್ ಕೆಲಸದವರು. ನಾಲ್ಕು ವರ್ಷ ಕೂತು ಮಾಡಿದ್ರು," ಎಂದಳು. "ಸ್ಟ್ರೋಕ್ ಆಗಿ ಬಲಗೈ, ಮಾತು ಎರಡೂ ಹೋಯ್ತು. ಈಗ ಆರೈಕೆ ಮನೇಲಿದ್ದಾರೆ. ನಮ್ಮನೆ ಬಿಡಬೇಕಾಗಿ ಬಂತು, ಹಳಿಯೆಲ್ಲ ಕಿತ್ತು ಹಾಕಿದ್ವಿ. ಒಂದು ತಿಂಗಳಿಂದ ಅಪ್ಪ ಎಡಗೈ ಬೆರಳಲ್ಲಿ ಹಾಸಿಗೆ ಮೇಲೆ ಹೀಗೆ ಸುತ್ತು ಹಾಕ್ತಾನೇ ಇದ್ದಾರೆ. ಮೊದಲು ಅರ್ಥ ಆಗಲಿಲ್ಲ. ಆಮೇಲೆ ಗೊತ್ತಾಯ್ತು, ಗಾಡಿ ಕೇಳ್ತಿದ್ದಾರೆ ಅಂತ. ಭಾನುವಾರ ಎರಡು ಗಂಟೆ ಹೊತ್ತು ಹೊರಗೆ ಕರ್ಕೊಂಡು ಹೋಗೋಕೆ ಒಪ್ಪಿದ್ದಾರೆ. ನಿಮ್ಮ ಹಳಿ ಮೇಲೆ ಒಂದ್ಸಲ ಓಡಿಸಿ ತೋರಿಸ್ತೀರಾ, ಅಂಕಲ್?"

"ಅದಕ್ಕೇನಮ್ಮ, ಈಗಲೇ ನೋಡೋಣ!" ಎಂದು ಬೇಕರಿ ಅಕ್ಕ ತಮ್ಮ ಗಾಡಿಯನ್ನು ಪಕ್ಕಕ್ಕಿಟ್ಟರು.

ಎಂಜಿನ್ನು ನಾಲ್ಕು ಮೊಳ ಏದುತ್ತ ಹೋಯಿತು. ಮೊದಲ ತಿರುವಿನಲ್ಲಿ ಹಳಿಯ ಮೇಲೇರಿ ಪಕ್ಕಕ್ಕೆ ವಾಲಿತು. ಇನ್ನೊಮ್ಮೆ ಇಟ್ಟೆವು, ಇನ್ನೊಮ್ಮೆ ವಾಲಿತು. ನಾನು ಜೇಬಿನಿಂದ ಬಿಲ್ಲೆ ತೆಗೆದು ಚಕ್ರಗಳ ನಡುವೆ ತೂರಿಸಿದೆ. ಲೊಡಲೊಡ ಎಂದಿತು.

"ಚಕ್ರ ಅಗಲ ಇದೆ. ಒಳಗೆ ಒತ್ತಬೇಕು," ಎಂದೆ.

"ಅಪ್ಪ ಇದನ್ನ ಹತ್ತೊಂಬತ್ತು ವರ್ಷ ಓಡಿಸಿದ್ದಾರೆ ಅಂಕಲ್. ಒಂದ್ಸಲಾನೂ ಬಿದ್ದಿಲ್ಲ."

"ಅವರ ಹಳಿ ಮೇಲೆ ಬಿದ್ದಿರಲಿಕ್ಕಿಲ್ಲಮ್ಮ. ಹಳಿಯೂ ಅಗಲ ಇದ್ದಿರಬೇಕು. ಒಬ್ಬರೇ ಕೂತು ಮಾಡೋರಿಗೆ ಹೀಗಾಗುತ್ತೆ, ಹೇಳೋರು ಕೇಳೋರು ಇರೋದಿಲ್ಲವಲ್ಲ."

ಆ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅವಳು ಎಂಜಿನ್ನನ್ನು ನನ್ನ ಕೈಗೆ ಕೊಟ್ಟು ಡ್ಯೂಟಿಗೆ ಹೋದಳು. ಬಡಗಿ ಬಾಯಿಂದ ಮೊಳೆ ತೆಗೆದ.

"ಅದನ್ನ ಮುಟ್ಟೋಕೆ ಮುಂಚೆ ಒಂದ್ಸಲ ಅಳೆದು ನೋಡು."

"ಈಗ ತಾನೇ ಅಳೆದೆನಲ್ಲ!"

"ಬಿಲ್ಲೇಲಿ ಅಲ್ಲ. ಅಂಗಡೀಲಿ ನಿನ್ನ ವರ್ನಿಯರ್ ಇದೆಯಲ್ಲ, ಅದರಲ್ಲಿ."

"ಬಡಗಿ ಹತ್ರ ಅಳತೆ ಕಲಿಯೋ ಕಾಲ ಬಂತಾ ನನಗೆ?" ಎಂದೆ. ಅವನು ಮತ್ತೆ ಮೊಳೆ ಕಚ್ಚಿಕೊಂಡ.

ಮಂಗಳವಾರ ಬೆಳಿಗ್ಗೆ ಅಂಗಡಿ ತೆರೆದವನೇ ಎಂಜಿನ್ನನ್ನು ದೀಪದ ಕೆಳಗಿಟ್ಟೆ. ಅಂಗಡಿ ಗಾಡಿಗಳ ಚಕ್ರ ಒತ್ತಿದರೆ ಸರಿಯುತ್ತವೆ. ಇದರಲ್ಲಿ ಹಾಗಲ್ಲ, ಪ್ರತಿ ಚಕ್ರವನ್ನೂ ಅಚ್ಚಿಗೆ ಸೂಜಿಯಂಥ ಪಿನ್ನು ಹೊಡೆದು ಕೂರಿಸಿದ್ದರು. ಪಿನ್ನನ್ನು ಕೊರೆದು ತೆಗೆಯಬೇಕು, ಆಮೇಲೆ ಒತ್ತಬೇಕು. ಒಂದು ಕಡ್ಡಿ ಮುರಿದರೂ ಎಂಜಿನ್ನು ಹೋಯಿತು, ಇನ್ನೊಂದು ಮಾಡಿಕೊಡುವ ಕೈ ಈಗ ಇಲ್ಲ. ಹಾಗಾಗಿ, ಬಡಗಿ ಹೇಳಿದ್ದಕ್ಕಲ್ಲ, ಎಷ್ಟು ಒತ್ತಬೇಕು ಎಂದು ತಿಳಿಯಲು ವರ್ನಿಯರ್ ತೆಗೆದೆ. ಕೂದಲೆಳೆಯ ದಪ್ಪವನ್ನೂ ಹೇಳುವ ಅಳತೆಗೋಲು ಅದು.

ಮೂರು ಜೊತೆ ಚಕ್ರ ಅಳೆದೆ. ಮಾದರಿ ರೈಲುಗಳ ಅಳತೆ ಪುಸ್ತಕದಲ್ಲಿ ಎಷ್ಟು ಇರಬೇಕೆಂದಿದೆಯೋ ಅಷ್ಟೇ. ಮೂರೂ ಅಷ್ಟೇ.

ಬಿಲ್ಲೆಯನ್ನು ಅಳೆದೆ. ಮಿಲಿಮೀಟರಿನಲ್ಲಿ ಹತ್ತಕ್ಕೆ ನಾಲ್ಕು ಪಾಲು ಕಡಿಮೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದೆ. ಅದು ಹಟ ಹಿಡಿದ ಮಗುವಿನ ಹಾಗೆ ಅದೇ ಉತ್ತರ ಹೇಳಿತು.

ಆಗ ನೆನಪಾಯಿತು. ಬಿಲ್ಲೆ ಮಾಡಿದ ವಾರ ನನ್ನ ಹಳೆಯ ವರ್ನಿಯರ್ ಮೇಜಿನಿಂದ ಬಿದ್ದಿತ್ತು. ಅದರ ದವಡೆ ಬಾಗಿ, ಇರುವುದಕ್ಕಿಂತ ಹೆಚ್ಚು ತೋರಿಸುತ್ತಿದೆ ಎಂದು ತಿಂಗಳ ಮೇಲೆ ಒಂದು ವಾಚಿನಲ್ಲಿ ಗೊತ್ತಾಗಿ, ಹೊಸದು ಕೊಂಡುಕೊಂಡೆ. ಹಳೆಯದನ್ನು ಎಸೆದೆ. ಅದು ಅಳೆದುಕೊಟ್ಟ ಬಿಲ್ಲೆಯನ್ನು ಮಾತ್ರ ಜೇಬಿನಲ್ಲೇ ಇಟ್ಟುಕೊಂಡೆ. ದೀಪದ ಕೆಳಗೆ ಕತ್ತಲೆ ಎನ್ನುತ್ತಾರಲ್ಲ, ನಾನು ಆ ಕತ್ತಲೆಯಲ್ಲಿ ಹದಿನೆಂಟು ವರ್ಷ ರೈಲು ಓಡಿಸಿದ್ದೆ. ಅರವತ್ತು ಗಾಡಿ ಮಾಡಿದವರೆಲ್ಲ ತಪ್ಪು, ನಾನೊಬ್ಬನೇ ಸರಿ ಎಂದುಕೊಂಡಿದ್ದೆನಲ್ಲ, ಹಾಗೆ ಎಲ್ಲಾದರೂ ಇರುತ್ತದೆಯೇ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಇನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಪಿನ್ ಕೊರೆಯುವ ಡ್ರಿಲ್ ಕೈಗೆ ತೆಗೆದುಕೊಂಡೆ. ಈ ಆರು ಚಕ್ರ ಒತ್ತಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಭಾನುವಾರ ಗಾಡಿ ಓಡುತ್ತದೆ, ಆ ಹುಡುಗಿಯೂ ಖುಷಿ, ನನ್ನ ಮಾತೂ ಉಳಿಯುತ್ತದೆ. ಮೊದಲ ಪಿನ್ನಿನ ಮೇಲೆ ಡ್ರಿಲ್ಲಿನ ಮೊನೆ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಚಕ್ರದ ಒಳಮೈಯಲ್ಲಿ, ಯಾರಿಗೂ ಕಾಣದ ಕಡೆ, ಮೂರು ಸಣ್ಣ ಗೀರುಗಳಿದ್ದವು. ಎರಡನೇ ಚಕ್ರದಲ್ಲೂ ಮೂರು. ಆರರಲ್ಲೂ ಮೂರು ಮೂರು.

ಕೈಕೆಲಸದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದು ಸಲ ಅಳೆದರೆ ಒಂದು ಗೀರು. ಹೇಳುವವರು ಕೇಳುವವರು ಇಲ್ಲದ ಮನುಷ್ಯ ತನ್ನ ಕೈಯನ್ನೇ ನಂಬದೆ ಪ್ರತಿ ಚಕ್ರವನ್ನೂ ಮೂರು ಸಲ ಅಳೆದಿದ್ದ. ಹೇಳುವುದಕ್ಕೆ ಮೂವರಿದ್ದ ನಾನು ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ಡ್ರಿಲ್ ಕೆಳಗಿಟ್ಟೆ.

ಅಂದು ಸಂಜೆ ಮೆಟ್ಟಿಲು ಹತ್ತುವಾಗ ಹೇಳಬೇಕಾದ ಮಾತನ್ನು ನಾಲ್ಕು ಸಲ ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ಎಲ್ಲ ಮರೆತುಹೋಯಿತು.

"ಎಂಜಿನ್ ಸರಿ ಇದೆ. ನನ್ನ ಬಿಲ್ಲೆ ತಪ್ಪು. ನಮ್ಮ ಹಳಿ, ಗಾಡಿ, ಎಲ್ಲಾ ಇಕ್ಕಟ್ಟು," ಎಂದೆ.

ಬೇಕರಿ ಅಕ್ಕ ಬಾಯಿಯ ಹತ್ತಿರ ತಂದ ಬನ್ನನ್ನು ಹಾಗೇ ಹಿಡಿದು ನಿಂತರು. ಮೇಷ್ಟ್ರು, "ಎಲ್ಲಾನಾ? ಸುರಂಗದ ಒಳಗಿನದೂನಾ?" ಎಂದರು. ಬಡಗಿ ಮಾತ್ರ ಉಳಿ ಮಸೆಯುತ್ತಲೇ ಇದ್ದ. ಅವನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

"ನಿನಗೆ ಗೊತ್ತಿತ್ತು," ಎಂದೆ.

ಅವನು ಮಸೆಯುವುದನ್ನು ನಿಲ್ಲಿಸಿದ.

"ಎಷ್ಟು ದಿನದಿಂದ?"

"ಹನ್ನೆರಡು ವರ್ಷ. ಅಂಗಡಿಯಿಂದ ಒಂದು ತುಂಡು ಹಳಿ ತಂದು ಜೋಡಿಸೋಕೆ ಹೋದೆ, ಕೂರಲಿಲ್ಲ. ಆವಾಗ ಗೊತ್ತಾಯ್ತು."

"ಹನ್ನೆರಡು ವರ್ಷ ಬಾಯಲ್ಲಿ ಮೊಳೆ ಇಟ್ಕೊಂಡು ತಪ್ಪು ಹಳಿ ಹಾಸಿದೆಯಾ? ನನ್ನ ನೋಡಿದ್ರೆ ನಿನಗೆ ಅಯ್ಯೋ ಪಾಪ ಅನ್ನಿಸ್ತಾ?" ನನ್ನ ದನಿ ಕೆಳಗಿನ ಬೇಕರಿಯವರೆಗೂ ಕೇಳಿಸಿರಬೇಕು.

"ಪಾಪ ಅಲ್ಲ, ಭಯ," ಎಂದ ಬಡಗಿ. ಉಳಿ ಕೆಳಗಿಟ್ಟ. "ಅದು ಅತ್ತಿಗೆ ನಿನ್ನನ್ನ ಒಂಟಿ ಮಾಡಿ ತೀರಿಕೊಂಡ ವರ್ಷ. ಅಂಗಡಿ ಬಾಗಿಲು ಹಾಕಿ ಮನೇಲಿ ಕೂತಿದ್ದೆ ನೀನು. ಊಟ ಮಾಡ್ತಿದ್ದೆಯೋ ಇಲ್ವೋ ಯಾರಿಗೂ ಗೊತ್ತಿಲ್ಲ. ಐದು ಗಂಟೆಗೆ ಇಲ್ಲಿಗೆ ಮಾತ್ರ ಬರ್ತಿದ್ದೆ, ಬಿಲ್ಲೆ ಹಿಡ್ಕೊಂಡು ನನ್ನ ಕೆಲಸದಲ್ಲಿ ತಪ್ಪು ಹುಡುಕೋಕೆ. ಅಳತೇನೇ ತಪ್ಪು ಅಂತ ಅವತ್ತು ಹೇಳಿದ್ರೆ ಮರುದಿನ ಬರ್ತಿದ್ದೆಯಾ? ಹಳಿ ತಪ್ಪಿದ್ರೆ ಕಿತ್ತು ಹಾಸಬಹುದಪ್ಪ. ನಿನ್ನನ್ನ ಎಲ್ಲಿಂದ ತರೋದು?"

ಅವನು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೋಪ ಬಂದರೆ ಎದ್ದು ಹೋಗಿಬಿಡುವುದು ನನ್ನ ಚಾಳಿ. ಬಾಗಿಲವರೆಗೆ ಹೋದೆ. ಅವನು ಹೇಳಿದ್ದು ನಿಜ, ಬರುತ್ತಿರಲಿಲ್ಲ. ಈ ಮೇಜು, ಈ ಹಾಳು ಘೋಷಣೆ, ಬಿಸಿ ಬನ್ನು ಇಲ್ಲದಿದ್ದರೆ ಆ ವರ್ಷ ನಾನು ಏನಾಗುತ್ತಿದ್ದೆನೋ ತಿಳಿಯದು. ಎಂಜಿನ್ನು ಇನ್ನೂ ನನ್ನ ಕೈಯಲ್ಲೇ ಇತ್ತು, ಭಾನುವಾರಕ್ಕೆ ಐದೇ ದಿನ. ತಿರುಗಿ ಬಂದೆ.

"ಇಕ್ಕಳ ಎಲ್ಲಿ?" ಎಂದೆ.

ಮೇಷ್ಟ್ರು ಮೂಗು ಹಿಡಿದುಕೊಂಡರು. "ಪ್ರಯಾಣಿಕರ ಗಮನಕ್ಕೆ. ಹಳಿ ದುರಸ್ತಿಯ ಕಾರಣ ಎಲ್ಲ ಗಾಡಿಗಳನ್ನೂ ರದ್ದುಗೊಳಿಸಲಾಗಿದೆ. ಬದಲಿ ವ್ಯವಸ್ಥೆಯಾಗಿ ಬನ್ ನೀಡಲಾಗುವುದು." ಅವರ ದನಿ ಯಾಕೋ ಎಂದಿನಷ್ಟು ಗಟ್ಟಿಯಾಗಿರಲಿಲ್ಲ.

ಎಲ್ಲವನ್ನೂ ಕೀಳಲು ಸಮಯವಿರಲಿಲ್ಲ. ಒಳಗಿನ ಸುತ್ತು ಒಂದನ್ನೇ ಹಿಡಿದೆವು. ಬುಧವಾರ ಅಂಗಡಿಯಲ್ಲಿ ಕೂತು ಹೊಸ ಬಿಲ್ಲೆ ಉಜ್ಜಿದೆ, ಅಳೆದೆ, ಮೂಲೆಯಲ್ಲಿ ಒಂದು ಗೀರು ಹಾಕಿದೆ. ಸಂಜೆ ಅದನ್ನೂ ವರ್ನಿಯರನ್ನೂ ಬಡಗಿಯ ಮುಂದಿಟ್ಟು, ಚಕ್ರದೊಳಗೆ ಕಂಡ ಗೀರುಗಳ ಕತೆ ಹೇಳಿದೆ.

"ನೀನೂ ಒಂದ್ಸಲ ಅಳೆದು ನೋಡು," ಎಂದೆ.

ಅವನು ನನ್ನ ಮುಖ ನೋಡಿದ. ಬಾಯಿಂದ ಮೊಳೆ ತೆಗೆದ, ಕೈ ಒರೆಸಿಕೊಂಡ, ನಿಧಾನವಾಗಿ ಅಳೆದ. ನನ್ನ ಗೀರಿನ ಪಕ್ಕ ತನ್ನದೊಂದನ್ನು ಹಾಕಿದ. ಶನಿವಾರ ಸಂಜೆಯ ಹೊತ್ತಿಗೆ ಕೊನೆಯ ಮೊಳೆಯೂ ಕೂತಿತು.

ಭಾನುವಾರ ಬೇಕರಿಯ ಕೆಲಸದವರಿಬ್ಬರು, ನಾನು, ಬಡಗಿ ಸೇರಿ ಗಾಲಿಕುರ್ಚಿಯನ್ನು ಮೆಟ್ಟಿಲ ಮೇಲೆ ಎತ್ತಿಕೊಂಡು ಬಂದೆವು. ನರ್ಸಿನ ಅಪ್ಪ ಸಣಕಲು ಮನುಷ್ಯ, ಬಲಗೈ ಮಡಿಲಲ್ಲಿ ಬಿದ್ದಿತ್ತು. ನಮ್ಮ ಗಾಡಿಗಳು ಹೊಸ ಹಳಿಯ ಮೇಲೆ ನಿಲ್ಲಲಾರವು, ಚಕ್ರ ನಡುವೆ ಜಾರಿಬಿಡುತ್ತವೆ. ಹಾಗಾಗಿ ಅವೆಲ್ಲ ಯಾರ್ಡಿನಲ್ಲಿ ಸಾಲಾಗಿ ನಿಂತು ನೋಡುತ್ತಿದ್ದವು.

ನರ್ಸ್ ಎಂಜಿನ್ನನ್ನು ಇಟ್ಟಳು. ಬೇಕರಿ ಅಕ್ಕ, ಜೀವಮಾನದಲ್ಲಿ ಮೊದಲ ಸಲ, ನಿಧಾನವಾಗಿ ಗುಂಡಿ ತಿರುಗಿಸಿದರು. ಎಂಜಿನ್ನು ಹೊರಟಿತು. ತಿರುವು ಹತ್ತಿರ ಬಂದಾಗ ನಾನು ಜೇಬಿನಲ್ಲಿದ್ದ ಹೊಸ ಬಿಲ್ಲೆಯನ್ನು ಹಿಡಿದುಕೊಂಡೆ. ಅದು ಎಣ್ಣೆ ಸವರಿದ ಹಾಗೆ ತಿರುಗಿ ಮುಂದೆ ಹೋಯಿತು. ಕುರ್ಚಿಯಲ್ಲಿದ್ದವರು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಕಿವಿಗೊಟ್ಟಿದ್ದರು. ಮೂರನೆಯ ಸುತ್ತಿಗೆ ಎಡಗೈ ಬೆರಳು ಕುರ್ಚಿಯ ತೋಳಿನ ಮೇಲೆ ಎಂಜಿನ್ನಿನ ಜೊತೆಜೊತೆಗೇ ಸುತ್ತತೊಡಗಿತು. ಮಗಳು ಕಿಟಕಿಯ ಕಡೆ ತಿರುಗಿ ನಿಂತಳು. ಘೋಷಣೆಗೆಂದು ಮೂಗಿನವರೆಗೆ ಹೋದ ಮೇಷ್ಟ್ರ ಕೈ ಹಾಗೇ ಕೆಳಗಿಳಿಯಿತು.

ಗಾಡಿ ನಿಂತ ಮೇಲೆ ಅವರು ಕಣ್ಣು ತೆರೆದು ಹಳಿ ನೋಡಿದರು. ಹೊಸ ಸ್ಲೀಪರುಗಳ ಬಣ್ಣ ಇನ್ನೂ ಹಸಿಯಾಗಿತ್ತು. ಪಕ್ಕದ ಹಳೆಯ ಹಳಿಯನ್ನೂ ನೋಡಿದರು. ಲೇತ್ ಕೆಲಸದವರ ಕಣ್ಣು, ತಮ್ಮ ಎಂಜಿನ್ನಿಗಾಗಿಯೇ ಹಳಿ ಬದಲಿಸಿದ್ದೆಂದು ಬೇರೆ ಯಾರೂ ಹೇಳಬೇಕಿರಲಿಲ್ಲ. ಅಳತೆ ಕೇಳುವ ಹಾಗೆ ನನ್ನ ಕಡೆ ಎಡಗೈ ಚಾಚಿದರು. ನಾನು ಜೇಬಿನಿಂದ ಹೊಸ ಬಿಲ್ಲೆ ತೆಗೆದು ಅವರ ಅಂಗೈಯಲ್ಲಿಟ್ಟೆ.

ಬಿಲ್ಲೆಯನ್ನು ತಿರುಗಿಸಿದರು. ಮೂಲೆಯ ಎರಡು ಗೀರುಗಳ ಮೇಲೆ ಹೆಬ್ಬೆರಳು ಆಡಿಸಿ ಅಲ್ಲೇ ನಿಲ್ಲಿಸಿದರು. ಆಮೇಲೆ ಮಗಳು ಎತ್ತಿ ಹಿಡಿದ ಎಂಜಿನ್ನಿನ ಚಕ್ರಗಳ ನಡುವೆ ಅದನ್ನು ತೂರಿಸಿದರು. ಅಲುಗಾಡಲಿಲ್ಲ, ಸಿಕ್ಕಿಕೊಳ್ಳಲೂ ಇಲ್ಲ. ತಲೆಯಾಡಿಸಿ, ಎಡಗೈ ಬೆರಳಲ್ಲಿ ಗಾಳಿಯಲ್ಲಿ ಏನೋ ಗೀಚಿದರು.

ಮಗಳಿಗೆ ಅರ್ಥವಾಗಲಿಲ್ಲ. ಬಡಗಿಗೂ ನನಗೂ ಅರ್ಥವಾಯಿತು. ಅವನು ಗೀರು ಹಾಕುವ ಮೊಳೆಯನ್ನು ಅವರ ಬೆರಳುಗಳ ನಡುವೆ ಇಟ್ಟ, ನಾನು ಬಿಲ್ಲೆಯನ್ನು ಮೇಜಿಗೆ ಒತ್ತಿ ಹಿಡಿದುಕೊಂಡೆ.

ಮೂರನೆಯ ಗೀರು ಸೊಟ್ಟಗಿದೆ, ಉಳಿದೆರಡಕ್ಕಿಂತ ಉದ್ದವೂ ಇದೆ. ಅದನ್ನು ಹಾಕಲು ಅವರಿಗೆ ತುಂಬಾ ಹೊತ್ತು ಹಿಡಿಯಿತು, ನಾವು ಯಾರೂ ಗಡಿಯಾರ ನೋಡಲಿಲ್ಲ.