ಮೂರನೇ ರೋಲರ್

ಙೀಂ ಎನ್ನುತ್ತದೆ, ಬರೀ ಙೀಂ, ಹಿಡಿಯುವುದಿಲ್ಲ — ಸೆಲ್ಫ್ ಗುಂಡಿ ಒತ್ತಿದರೆ ಒಳಗೆ ಮೋಟಾರು ಜೋರಾಗಿಯೇ ಸುತ್ತುತ್ತದೆ, ಎಂಜಿನ್ನು ಮಾತ್ರ ಮಿಸುಕುವುದಿಲ್ಲ, ಬ್ಯಾಟರಿ ಸತ್ತಿದ್ದರೆ ಇಷ್ಟು ದನಿ ಎಲ್ಲಿಂದ ಬರಬೇಕು, ಎರಡರ ನಡುವೆ ಕೈಹಿಡಿದು ಎಬ್ಬಿಸಬೇಕಾದ ಕ್ಲಚ್ಚು ಜಾರುತ್ತಿದೆ ಅಷ್ಟೆ, ರುಮಿಯಾತಿ ಗುಂಡಿಯಿಂದ ಹೆಬ್ಬೆರಳು ತೆಗೆದಳು, ತೋಫು ಮಾರುವ ದಾರ್ಸೊ ಬೆಳಿಗ್ಗೆ ರಿಪೇರಿಗೆ ಬೈಕು ಬಿಟ್ಟು ಹೋಗುವಾಗ ಬಾಯಲ್ಲೇ ಆ ಸದ್ದು ಮಾಡಿ ತೋರಿಸಿದ್ದ, ಙೀಂ ಅನ್ನುತ್ತೆ ರುಮ್ ಅಮ್ಮಾ, ನನ್ನ ಹೆಂಡ್ತಿ ಥರಾನೇ, ಸದ್ದು ಜಾಸ್ತಿ ಕೆಲಸ ಕಮ್ಮಿ, ಕಿಕ್ಕರ್ ಹೊಡೆಯೋಣ ಅಂದ್ರೆ ಈ ಮಂಡಿ ಕೇಳಲ್ಲ — ಗ್ಯಾರೇಜಿನ ಮೂಲೆಯ ಬಿದಿರು ಮಂಚದ ಮೇಲೆ ಕೂತಿದ್ದ ತುಕಿರಾನ್ ಆ ಸದ್ದಿಗೆ ತಲೆಯೆತ್ತಿದನೇ, ಇಲ್ಲ, ನೊಣಕ್ಕಿರಬೇಕು, ಗಂಡನ ಮುಖದಲ್ಲಿ ಏನೋ ಕಂಡಿತು ಅಂದುಕೊಳ್ಳುವುದು ಈಗೀಗ ಅವಳಿಗೊಂದು ಚಟ, ಲಕ್ವ ಹೊಡೆದ ದಿನದಿಂದ ಅವನದೂ ಇದೇ ಕಥೆ, ನೀ ನೀ ನೀ ಎಂದು ಗಂಟಲು ಸುತ್ತುತ್ತದೆ, ಮಾತು ಏಳುವುದಿಲ್ಲ, ನೀರು ಅನ್ನುತ್ತಾನೋ ನೀನು ಅನ್ನುತ್ತಾನೋ, ಅವಳು ನೀರು ಕೊಡುತ್ತಾಳೆ, ಕುಡಿಯುತ್ತಾನೆ, ಕುಡಿದ ಮೇಲೂ ನೀ ನೀ — ಮಧ್ಯಾಹ್ನದ ಬಾಂಗಿಗೆ ಮುಂಚೆ ಬರ್ತೀವಿ, ಅವನ ಬಟ್ಟೆ ಕಟ್ಟಿಡು, ಗಂಡನ ಅಕ್ಕ ಯು ಸಾರ್ತಿ, ಯು ಎಂದರೆ ಅಕ್ಕ, ಫೋನಿನಲ್ಲಿ ಹೇಳಿದ್ದು, ಇಲ್ಲಿ ಅಂಗಳ ಇದೆ, ಕೋಳಿ ಇದೆ, ನೋಡ್ಕೊಂಡು ಕೂತಿರ್ತಾನೆ, ನಿನ್ನ ಆ ಕಬ್ಬಿಣದ ರಾಶಿ ಮಧ್ಯೆ ಒಂದಿನ ಏನಾದ್ರೂ ನುಂಗಿ ಸತ್ತೋಗ್ತಾನೆ ಕಣೇ, ನಾನೇ ಕಣ್ಣಾರೆ ನೋಡಿದೀನಲ್ಲ, ಹಲ್ಲು ಬರೋ ಮಗು ಥರ ಬಾಯಲ್ಲಿ ನಟ್ಟು, ಹೌದು, ಹಬ್ಬಕ್ಕೆ ಬಂದವಳು ತಮ್ಮನ ಗಲ್ಲ ಒತ್ತಿ ಹಿಡಿದು, ಉಗಿ, ಉಗಿಯೋ, ಎಂದು ಕಿತ್ತಿದ್ದಳು, ಅಂಗೈ ಮೇಲೆ ನಟ್ಟು ಜೊಲ್ಲಿನಲ್ಲಿ ಹೊಳೆಯುತ್ತಿತ್ತು, ಆ ಹೊಳಪನ್ನು ನೋಡಿಯೇ ರುಮಿಯಾತಿ ಸೋತದ್ದು, ಆಯ್ತು ಯು, ಕರ್ಕೊಂಡು ಹೋಗಿ, ಅಂದದ್ದು, ಗಂಟು ಕಟ್ಟಿಟ್ಟಿದ್ದಾಳೆ, ಸರೋಂಗು ಲುಂಗಿ, ಕರಿ ಟೋಪಿ, ಮುಲಾಮು, ಒಂದೇ ಒಂದು ಸಲ, ತಾನು ಯಾರು, ಇದು ಯಾವ ಜಾಗ, ಇವನಿಗೆ ಗೊತ್ತಿದೆ ಎಂದು ಕಂಡರೆ ಸಾಕು, ಬಿಚ್ಚಿಬಿಡುತ್ತಾಳೆ ಗಂಟನ್ನು, ಕಾಣಲಿಲ್ಲವಲ್ಲ.

ಎಣ್ಣೆ ಇಳಿಸು, ಮುಚ್ಚಳ ಬಿಚ್ಚು, ಜಜ್ಜಬೇಡ ರುಮ್, ಪುಲ್ಲರ್ ಹಾಕಿ ಎಳಿ, ತಾನಾಗಿ ಬರುತ್ತೆ, ಗಂಡನ ಹಳೇ ದನಿ ಅವಳ ಕೈಯಲ್ಲಿ ಉಳಿದುಕೊಂಡಿದೆ, ಬಾಯಿಂದ ಹೋಯಿತು ಕೈಗೆ ಬಂತು, ಮ್ಯಾಗ್ನೆಟ್ಟು ಟಪ್ಪೆಂದು ಕಿತ್ತು ಬಂತು, ಅದರ ಬೆನ್ನಿಗೇ ಇದೆ ಕ್ಲಚ್ಚಿನ ಬಟ್ಟಲು, ಬಟ್ಟಲಲ್ಲಿ ಮೂರು ಗುಳಿ, ಗುಳಿಗೊಂದು ಸ್ಪ್ರಿಂಗು, ಸ್ಪ್ರಿಂಗಿನ ತಲೆಗೆ ಪುಟ್ಟ ಟೋಪಿ, ಅದು ನೂಕಿ ಹಿಡಿಯುವ ಒಂದೊಂದು ರೋಲರ್, ಬೆರಳ ತುದಿಯಷ್ಟು ಉಕ್ಕಿನ ಉರುಳೆ, ಗೇರನ್ನು ಕೈಯಲ್ಲಿ ತಿರುಗಿಸಿದಳು, ಒಂದು ಕಡೆಗೆ ಸಲೀಸಾಗಿ ಬಿಡಬೇಕು, ಇನ್ನೊಂದು ಕಡೆಗೆ ಕಚ್ಚಿ ನಿಲ್ಲಬೇಕು, ಇದು ಎರಡು ಕಡೆಗೂ ತಿರುಗುತ್ತಿದೆ, ಎರಡು ಕಡೆಗೂ ಹೂಂ ಅನ್ನೋರನ್ನ ನಂಬಬೇಡ ಅಂತ ತುಕಿರಾನ್ ನಗುತ್ತಿದ್ದ, ನಾನೂ ಹಾಗೇ ಅಲ್ಲವೇ ಮಾಸ್, ಗಂಡನನ್ನು ಅವಳು ಕರೆಯುವುದು ಮಾಸ್ ಎಂದೇ, ನಿನ್ನನ್ನ ಬಿಡಲ್ಲ ಅಂದೆ, ಕರ್ಕೊಂಡು ಹೋಗಿ ಅಂದೆ — ಹಳೇ ರೋಲರುಗಳ ಒಂದು ಬದಿ ಚಪ್ಪಟೆಯಾಗಿದೆ, ಸ್ಪ್ರಿಂಗುಗಳು ಮುದುಕಿಯರ ಹಾಗೆ ಕುಗ್ಗಿವೆ, ಹೊಸವನ್ನು ಹಸಿರು ಚುಕ್ಕಿಯ ಪಿಂಗಾಣಿ ತಟ್ಟೆಗೆ ಸುರಿದು ಮಂಚದ ಮೇಲಿಟ್ಟಳು, ಅವನ ಗಂಜಿ ಬಟ್ಟಲ ಪಕ್ಕಕ್ಕೆ, ಕೈ ತೊಳೆದು ಎರಡು ಚಮಚ ಗಂಜಿ ತಿನ್ನಿಸಿದಳು, ಬಲಗಡೆಯಿಂದ ಸೋರಿತು, ಎರಡು ಬೆರಳಲ್ಲಿ ತುಟಿ ಒರೆಸಿದಳು, ನಾಳೆಯಿಂದ ಯು ಸಾರ್ತಿ ಒರೆಸುತ್ತಾಳೆ, ಒರಟು ಕೈ ಅವಳದು, ಆದರೂ ಅಕ್ಕನಲ್ಲವೇ, ಮತ್ತೆ ಕ್ಲಚ್ಚಿನ ಬಟ್ಟಲಿಗೆ ಬಂದಳು, ಹೊಸ ಸ್ಪ್ರಿಂಗು ಮೂರೂ ಕೂತವು, ಮೊದಲ ರೋಲರಿಗೆ ಗ್ರೀಸು ಸವರಿ ತಳ್ಳಿದಳು, ಸ್ಪ್ರಿಂಗು ಒದೆಯಿತು, ಜಾರಿತು, ಇನ್ನೊಮ್ಮೆ, ಕೂತಿತು, ಎರಡನೆಯದೂ ಸತಾಯಿಸಿ ಕೂತಿತು, ಇವನಿಗೆ ಕಾಯಿಲೆ ಬಂದ ಮೇಲೆ ಈ ಕೆಲಸ ಇದೇ ಮೊದಲು, ಒಬ್ಬಳ ಎರಡು ಕೈ ಸಾಲುವುದಿಲ್ಲ, ಮೂರನೆಯದಕ್ಕೆ ಹಿಂದೆ ತಿರುಗಿ ಕೈಚಾಚಿದಳು.

ತಟ್ಟೆ ಖಾಲಿ. ಮಂಚದ ಕೆಳಗೆ ನೋಡಿದಳು, ಎಣ್ಣೆಯ ಟ್ರೇಯಲ್ಲಿ ಕೈಯಾಡಿಸಿದಳು, ಅವನ ಮಡಿಲು, ಗಂಜಿಯ ಬಟ್ಟಲು — ಅಯ್ಯೋ ಮಾಸ್, ಬಾಯಲ್ಲಿ ಏನದು, ಅಂಗೈ ತಾನಾಗಿ ಅವನ ಗದ್ದದ ಕೆಳಗೆ ಹೋಯಿತು, ಉಗಿ ಮಾಸ್, ನನ್ನ ರಾಜ ಅಲ್ವಾ, ಉಗಿ, ಅವನು ಉಗಿಯಲಿಲ್ಲ, ತುಟಿ ಬಿಗಿದ, ನುಂಗಲೂ ಇಲ್ಲ, ಬಾಯೊಳಗಿಲ್ಲ ಅದು, ತುಟಿಯ ತುದಿಯಲ್ಲಿದೆ, ನೆಟ್ಟಗೆ, ಅರ್ಧ ಹೊರಗೆ — ಮಗು ಬಾಯೊಳಗೆ ಹಾಕಿಕೊಳ್ಳುತ್ತದೆ, ತುಟಿಯ ತುದಿಯಲ್ಲಿ ಹಿಡಿಯುವವರು ಯಾರು, ಯಾರು ಹಾಗೆ ಹಿಡಿಯುತ್ತಿದ್ದರು, ಮೊದಲೆಲ್ಲ ಅವಳು ಕ್ಲಚ್ಚಿನ ಬಟ್ಟಲು ಹಿಡಿಯುವಳು, ಅವನು ಹೆಬ್ಬೆರಳಲ್ಲಿ ಸ್ಪ್ರಿಂಗು ಒತ್ತುವನು, ರೋಲರ್ ಅವನ ತುಟಿಯಲ್ಲಿ, ಎರಡು ಬೆರಳಲ್ಲಿ ಅದನ್ನು ತೆಗೆದು ಅವಳು ಗುಳಿಗೆ ಕೂರಿಸಬೇಕು, ದಾರ್ಸೊ ರಸ್ತೆಯಿಂದಲೇ ಕೂಗುತ್ತಿದ್ದ, ಗಂಡನಿಗೆ ತುತ್ತು ಕೊಡೋ ಹೆಂಡ್ತೀರ್ನ ಕಂಡಿದೀವಿ, ಬಾಯಿಂದ ತುತ್ತು ಕಿತ್ಕೊಳ್ಳೋಳನ್ನ ಇಲ್ಲೇ ಕಂಡಿದ್ದು, ಅವಳ ಮುಖ ಕೆಂಪಾಗುತ್ತಿತ್ತು, ಅವನು ನಗಲಾರ, ನಕ್ಕರೆ ಬೀಳುತ್ತದೆ — ಹಾಗಾದರೆ ಆ ನಟ್ಟು, ಹಬ್ಬದ ದಿನ, ಅದೂ ತುಟಿಯಲ್ಲೇ ಇತ್ತೇ, ಯು ಸಾರ್ತಿ ಕಿತ್ತದ್ದು ಎಲ್ಲಿಂದ, ರುಮಿಯಾತಿ ನೋಡಿರಲಿಲ್ಲ, ಬರೀ ಜೊಲ್ಲು ನೋಡಿದ್ದಳು, ಹೊರಗೆ ಹಾರನ್ನು, ವ್ಯಾನಿನ ಬಾಗಿಲು ಜಾರಿದ ಸದ್ದು, ರುಮ್, ಎಲ್ಲಿದ್ದೀಯೇ, ಬಟ್ಟೆ ಕಟ್ಟಿದ್ಯಾ, ಅವಳು ಅಂಗೈ ಹಿಂದಕ್ಕೆ ತೆಗೆದಳು, ಕ್ಲಚ್ಚಿನ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ಅವನ ಮುಂದೆ ಹಿಡಿದಳು, ಖಾಲಿ ಗುಳಿ ಅವನ ಕಡೆಗೆ, ಮೊದಲಿನ ಹಾಗೆ, ಅವನ ಎಡಗೈ ಮಡಿಲಿಂದ ಏಳುತ್ತದೆ, ಅಲೆಯುತ್ತದೆ, ಬಟ್ಟಲಿನ ಅಂಚಿಗೆ ತಗಲಿ ಜಾರುತ್ತದೆ, ನೊಣಕ್ಕೂ ಹೀಗೇ ಏಳುತ್ತದೆ, ಆಸೆಪಡಬೇಡ ರುಮ್, ಮತ್ತೆ ಬರುತ್ತದೆ, ಹೆಬ್ಬೆರಳು ಸ್ಪ್ರಿಂಗಿನ ಟೋಪಿಯ ಮೇಲೆ ನಿಲ್ಲುತ್ತದೆ, ಒತ್ತುತ್ತದೆ, ಸ್ಪ್ರಿಂಗು ಬಗ್ಗುತ್ತದೆ, ಗುಳಿ ತೆರೆಯುತ್ತದೆ, ಅವನ ಕಣ್ಣು ಅವಳ ಬೆರಳುಗಳ ಮೇಲಿದೆ, ಯಾಕೆ ತಡ ಎನ್ನುವ ಹಾಗೆ — ಅಯ್ಯಯ್ಯೋ, ಮತ್ತೆ ಬಾಯಲ್ಲಿಟ್ಕೊಂಡಿದಾನಲ್ಲೇ, ಉಗಿಸೇ ಅದನ್ನ, ಯು ಸಾರ್ತಿಯ ಚಪ್ಪಲಿ ಹತ್ತಿರ ಹತ್ತಿರ, ಬೇಡ ಯು, ಮುಟ್ಟಬೇಡಿ, ಎಂದಳೋ, ಅನ್ನಬೇಕೆಂದುಕೊಂಡಳೋ, ಬಟ್ಟಲು ಒಂದೇ ಕೈಗೆ ಬಂತು, ಇನ್ನೊಂದು ಕೈಯ ಎರಡು ಬೆರಳು ಮೇಲೇಳುತ್ತಿವೆ, ತುಟಿಯ ತುದಿಯಲ್ಲಿ ರೋಲರ್, ನೆಟ್ಟಗೆ, ಅರ್ಧ ಹೊರಗೆ, ತುಟಿಯ ತುದಿಯಲ್ಲಿ